ಸಿಂಬಲ್ ಕೇಳಿಸುತ್ತಿಲ್ಲ

ಚಳ್ಳಕೆರೆ
೨೧ ನವೆಂಬರ್ ೨೦೨೪, ಗುರುವಾರ

ನನ್ನ ಮುದ್ದು ರಶ್ಮಿತಾ,

ಅವ್ವನ ಕೈಬರಹದ ಲಕೋಟೆ ನೋಡಿ ಗಾಬರಿಯಾಗಬೇಡ. ಇಲ್ಲಿ ಯಾರೂ ಹಾಸಿಗೆ ಹಿಡಿದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಾನು ‘ಅಪ್ಪ’ ಎನ್ನುತ್ತಿದ್ದಂತೆಯೇ ನೀನು “ಆ ವಿಷ್ಯ ಬಿಟ್ಟು ಬೇರೆ ಏನಾದ್ರೂ ಇದ್ರೆ ಹೇಳವ್ವ” ಅನ್ನುತ್ತೀಯ. ಇಲ್ಲವಾದರೆ ಸೀರೆ ಅಂಚಿನ ಡಿಸೈನ್ ಇವತ್ತೇ ಮಗ್ಗಕ್ಕೆ ಕೊಡಬೇಕು ಎಂದು ಇಟ್ಟುಬಿಡುತ್ತೀಯ. ಎರಡು ವರ್ಷದಿಂದ ಹೀಗೇ ನಡೆದಿದೆ. ಕಾಗದವಾದರೆ ಸಿಟ್ಟು ಬಂದಾಗ ಮಡಚಿಟ್ಟು, ಇಳಿದ ಮೇಲೆ ಮತ್ತೆ ಬಿಚ್ಚಬಹುದು. ಎಷ್ಟು ಸಲವಾದರೂ ಮಡಚು, ಆದರೆ ಪೂರ್ತಿ ಓದು.

ಹನ್ನೊಂದು ದಿನದಿಂದ ನನ್ನ ಕೈಕಾಲು ನನ್ನ ಮಾತು ಕೇಳುತ್ತಿಲ್ಲ. ಮೊನ್ನೆ ಅಂಗನವಾಡಿಯಲ್ಲಿ ಒಂದೇ ಮಗುವಿಗೆ ಎರಡು ಸಲ ಮೊಟ್ಟೆ ಕೊಟ್ಟು, ಪಕ್ಕದ ಮಗು ಅಳುವವರೆಗೂ ನನಗೆ ತಿಳಿಯಲಿಲ್ಲ. ಮೂವತ್ತೊಂದು ವರ್ಷ ಒಂದೇ ಸೂರಿನಡಿ ಇದ್ದ ಮನುಷ್ಯ ಯಾರೆಂದೇ ನನಗೆ ಗೊತ್ತಿರಲಿಲ್ಲ, ರಶ್ಮಿ. ಮಾತಿಲ್ಲದವರು, ನಗುವಿಲ್ಲದವರು, ಮಿಲ್ಲು ಬಿಟ್ಟರೆ ಮನೆ, ಮನೆ ಬಿಟ್ಟರೆ ಮಿಲ್ಲು ಎಂದುಕೊಂಡಿದ್ದೆ. ಶುರುವಿನಿಂದ ಹೇಳುತ್ತೇನೆ.

ಹತ್ತನೇ ತಾರೀಕು, ಭಾನುವಾರ. ಶೇಂಗಾ ಸುಗ್ಗಿಯಲ್ಲವೇ, ನಿಮ್ಮಪ್ಪ ಬೆಳಿಗ್ಗೆಯೇ ಮಿಲ್ಲಿಗೆ ಹೋಗಿದ್ದರು. ಹನ್ನೊಂದು ಗಂಟೆಯ ಸುಮಾರಿಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ನಲವತ್ತರ ಆಸುಪಾಸಿನ ಒಬ್ಬ ಗಂಡಸು. ಎದೆಯವರೆಗೆ ಗಡ್ಡ, ಮೈಮೇಲೆ ಕರಿ ಟೀಶರ್ಟು, ಆ ಟೀಶರ್ಟಿನ ಮೇಲೆ ಕೊಂಬು ಮೂಡಿದ ತಲೆಬುರುಡೆ. ಪಕ್ಕದಲ್ಲಿ ಕನ್ನಡಕ ಹಾಕಿಕೊಂಡ, ಹತ್ತಿ ಸೀರೆಯ ಒಬ್ಬ ಹೆಣ್ಣುಮಗಳು. ಎಂಥ ಜೋಡಿಯಪ್ಪಾ ಇದು ಎಂದುಕೊಳ್ಳುವಷ್ಟರಲ್ಲಿ ಆ ಗಡ್ಡದವನು ಕೈಮುಗಿದು, “ಅಕ್ಕಾ, ಎಕ್ಸ್‌ಪೆಲ್ಲರ್ ಮನೆ ಇದೇನಾ?” ಎಂದು ಕೇಳಿದ.

“ಎಕ್ಸ್‌ಪೆಲ್ಲರ್ ಮಿಲ್ಲಿನಾಗೆ ಇರ್ತೈತಪ್ಪ. ಶೇಂಗಾ ಹಿಂಡೋ ಮಿಷಿನ್ನು ಮನೆಯಾಗೆ ಯಾರು ಇಟ್ಕಂತಾರೆ?” ಎಂದೆ.

ಆ ಹೆಣ್ಣುಮಗಳು ನಕ್ಕಳು. “ಮಿಷಿನ್ ಅಲ್ರಮ್ಮ, ಮನುಷ್ಯರು. ಆ ಹೆಸರಿಟ್ಕಂಡು ಬರೀತಾರೆ” ಎಂದಳು.

ಅವಳ ಹೆಸರು ಸ್ವಪ್ನ, ರಾಂಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವನು ಹುಲಿಯಪ್ಪ, ಅಲ್ಲೇ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಒಳಗೆ ಕೂರಿಸಿ ನೀರು ಕೊಟ್ಟೆ. ಫೋನಿನಲ್ಲಿ ‘ಕಬ್ಬಿಣದ ಕಡಲೆ’ ಎಂಬ ಒಂದು ಗುಂಪು ಇದೆಯಂತೆ. ಹೆವಿ ಮೆಟಲ್, ಇಂಡಸ್ಟ್ರಿಯಲ್ ರಾಕ್ ಎಂದು ಹೊರದೇಶಗಳ ಗದ್ದಲದ ಸಂಗೀತ ಇರುತ್ತದಲ್ಲ, ಅದನ್ನು ಕೇಳಿ ಕನ್ನಡದಲ್ಲಿ ಚರ್ಚೆ ಮಾಡುವವರ ಗುಂಪು. ಸಾವಿರದ ಚಿಲ್ಲರೆ ಜನ. ಅದರಲ್ಲಿ ಎಂಟು ವರ್ಷದಿಂದ ‘ಎಕ್ಸ್‌ಪೆಲ್ಲರ್’ ಎಂಬ ಹೆಸರಿನಲ್ಲಿ ಒಬ್ಬರು ಒಂದೊಂದು ಆಲ್ಬಮ್ ಬಗ್ಗೆ ಅಭಿಪ್ರಾಯ ಬರೆಯುತ್ತಿದ್ದರಂತೆ. ಅವರು ಹೊಗಳಿದರೆ ಜನ ಹುಡುಕಿಕೊಂಡು ಹೋಗಿ ಕೇಳುತ್ತಿದ್ದರು, ತೆಗಳಿದರೆ ಎರಡು ದಿನ ಜಗಳ. ನಾಲ್ಕು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟರು. ಕೊನೆಯಲ್ಲಿ ಬರೆದದ್ದನ್ನು ಓದಿ ಇವರಿಗೆಲ್ಲ ಭಯವಾಯಿತಂತೆ, ಮನುಷ್ಯ ಏನಾದರೂ ಮಾಡಿಕೊಂಡನೋ ಎಂದು.

“ಹೆಸ್ರು ಗೊತ್ತಿಲ್ಲ, ಊರು ಗೊತ್ತಿಲ್ಲ. ಮಿಲ್ಲಿನ ಧೂಳು, ಗಾಳಿ ಬೀಸಿದ ಕಡೆ ಎಣ್ಣೆ ವಾಸನೆ ಅಂತೆಲ್ಲಾ ಬರೀತಿದ್ರು, ಚಳ್ಳಕೆರೇನೇ ಇರ್ಬೇಕು ಅಂದ್ಕಂಡ್ವಿ” ಎಂದ ಹುಲಿಯಪ್ಪ. “ಎಡಗೈ ಉಂಗುರದ ಬೆರಳು ಅರ್ಧ ಹೋಗೈತೆ ಅಂತ ಒಂದ್ಸಲ ಬರೆದಿದ್ರು. ಮಿಲ್ಲಿನ ಬೀದಿ ಟೀ ಅಂಗ್ಡಿಯಾಗೆ ಅಂಥ ಫಿಟ್ಟರ್ ಯಾರು ಅಂತ ಕೇಳಿದ್ವಿ. ಓಬಳೇಶಣ್ಣ ಅಂದ್ರು.”

ನನಗೆ ನಗು ಬಂತು ಕಣೇ. ನಿಮ್ಮಪ್ಪ? ಅಂಗನವಾಡಿಯ ಅರ್ಜಿ ತುಂಬಿ ಕೊಡ್ರಿ ಎಂದರೂ ಪೆನ್ನು ನನ್ನ ಕಡೆಗೇ ತಳ್ಳುವವರು ಬರೆಯುತ್ತಾರಾ? ತಪ್ಪು ಮನೆಗೆ ಬಂದಿದ್ದೀರಿ ಎಂದೆ. ಸ್ವಪ್ನ ತನ್ನ ಫೋನು ತೆಗೆದು ನನ್ನ ಕೈಗಿಟ್ಟಳು. ಅದರಲ್ಲಿ ಹೀಗಿತ್ತು:

‘ಈ ತಂಡದವರು ಸಾವು, ಸ್ಮಶಾನ, ಸೈತಾನ ಎಂದು ಒಂಬತ್ತು ಹಾಡು ಕಿರುಚಿದ್ದಾರೆ. ನನಗೆ ಭಯವಾಗಲಿಲ್ಲ. ಬೇರಿಂಗ್ ಒಡೆಯುವ ಮುಂಚೆ ಯಂತ್ರ ಒಂದು ಕ್ಷಣ ಹಗುರಾಗಿ ತಿರುಗುತ್ತದೆ, ಆಗ ಭಯಕ್ಕೆ ಫಿಟ್ಟರನ ಹೊಟ್ಟೆ ತಣ್ಣಗಾಗುತ್ತದೆ. ಆ ಒಂದು ಕ್ಷಣ ಈ ಇಡೀ ಆಲ್ಬಮ್ಮಿನಲ್ಲಿ ಎಲ್ಲೂ ಇಲ್ಲ. ಸುಮ್ಮನೆ ಅರಚಿದರೆ ಕೇಡು ಬರುವುದಿಲ್ಲ ತಮ್ಮಂದಿರಾ. ಎರಡು ಎಚ್.ಪಿ.’

“ಹತ್ತು ಎಚ್.ಪಿ.ಗೆ ಮಾರ್ಕು ಹಾಕ್ತಾರಕ್ಕ, ಮೋಟಾರಿಗೆ ಹೇಳ್ದಂಗೆ” ಎಂದು ಹುಲಿಯಪ್ಪ ವಿವರಿಸಿದ. “ಹತ್ತು ಇಲ್ಲೀಗಂಟ ಯಾರ್ಗೂ ಕೊಟ್ಟಿಲ್ಲ.”

‘ಹೊಟ್ಟೆ ತಣ್ಣಗಾಗುತ್ತದೆ’ ಎಂಬ ಮಾತು ಅವರದೇ. ಬೆರಳು ಹೋದ ದಿನ ಆಸ್ಪತ್ರೆಯಲ್ಲಿ ಅವರು ಆಡಿದ್ದ ಒಂದೇ ಮಾತು ಅದು.

ಅಷ್ಟರಲ್ಲಿ ನಿಮ್ಮಪ್ಪ ಬಂದರು. ಬಾಗಿಲಲ್ಲಿ ನಿಂತು, ಆ ತಲೆಬುರುಡೆಯ ಟೀಶರ್ಟು ನೋಡಿದ್ದೇ ಮುಖ ಬಿಳಿಚಿಕೊಂಡಿತು. ಹುಲಿಯಪ್ಪ ಎದ್ದು ಅವರ ಕಾಲು ಮುಟ್ಟಿದ. ಸ್ವಪ್ನ ಮೆಲ್ಲಗೆ, “ನಾಲ್ಕು ತಿಂಗಳಿಂದ ಯಾಕ್ ಸರ್ ಬರೆದಿಲ್ಲ?” ಎಂದಳು.

ಇವರು ನಗುತ್ತ, “ಹೂಂ ಹೂಂ, ಊಟ ಮಾಡ್ಕಂಡೇ ಹೋಗ್ರಿ” ಎಂದರು.

ಕೇಳಿದ್ದೊಂದು, ಹೇಳಿದ್ದೊಂದು. ಸ್ವಪ್ನ ನನ್ನ ಮುಖ ನೋಡಿದಳು. ಹುಲಿಯಪ್ಪ ಮಾತ್ರ ಮೊದಲೇ ತಿಳಿದವನಂತೆ, ಮಿಲ್ಲಿನಲ್ಲಿ ಕೂಗುವ ಹಾಗೆ ಕೂಗಿ ಅದೇ ಪ್ರಶ್ನೆ ಕೇಳಿದ. ಆಗ ನಿಮ್ಮಪ್ಪ ಚೀಲ ಕೆಳಗಿಟ್ಟು, “ಓದಿದ್ರಲ್ಲಪ್ಪ. ಇನ್ನೇನೈತೆ ಬರೆಯಾಕೆ” ಎಂದು ಹಿತ್ತಲಿಗೆ ಹೋಗಿಬಿಟ್ಟರು.

ಬಂದವರಿಗೆ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದೆ. ಹೊರಡುವಾಗ ಸ್ವಪ್ನ ಆ ಗುಂಪನ್ನು ನನ್ನ ಫೋನಿಗೂ ಹಾಕಿಕೊಟ್ಟಳು. “ಮೊದಲಿಂದ ಓದ್ರಿ, ಕೊನೇದು ಕೊನೆಗೇ ಓದ್ರಿ” ಎಂದು ಕೈ ಹಿಡಿದು ಹೇಳಿ ಹೋದಳು. ಇದೇನ್ರಿ ಇದು ಎಂದು ನಿಮ್ಮಪ್ಪನನ್ನು ಕೇಳಿದರೆ ಅವರು ಅಟ್ಟದ ಮೇಲಿನ ಆ ತಗಡಿನ ಪೆಟ್ಟಿಗೆ ಇಳಿಸಿದರು. ‘ಹಳೇ ಬೇರಿಂಗ್’ ಎಂದು ಬಿಳಿ ಪೇಂಟಿನಲ್ಲಿ ಬರೆದಿತ್ತಲ್ಲ, ಪ್ರತಿ ಯುಗಾದಿಗೂ ಧೂಳು ಹೊಡೆದು ನಾವಿಬ್ಬರೂ ಹಾಗೇ ಇಡುತ್ತಿದ್ದೆವಲ್ಲ, ಅದು. ತುಂಬ ಕ್ಯಾಸೆಟ್ಟುಗಳು, ಸಿ.ಡಿ.ಗಳು. ಒಂದರ ಮೇಲೂ ದೇವರಂಥ ಮುಖವಿಲ್ಲ, ಎಲ್ಲ ಎಲುಬು, ಸರಪಳಿ, ಹೊಗೆ. ಮನೆಯಲ್ಲಿ ಹಾವು ಸಾಕಿದ್ದರೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲ.

ಮೂರು ಮಧ್ಯಾಹ್ನ ಕೂತು ಓದಿದೆ. ಅಂಗನವಾಡಿಯ ಮಕ್ಕಳು ಉಂಡು ಮಲಗಿದ ಮೇಲೆ ಗೋಡೆಗೆ ಒರಗಿ ಓದುವುದು, ಅವು ಏಳುವಾಗ ಕಣ್ಣೊರೆಸಿಕೊಳ್ಳುವುದು. ಆ ಆಲ್ಬಮ್ಮುಗಳನ್ನೂ ಕಿವಿಗೆ ಹಾಕಿಕೊಂಡು ಕೇಳಿದೆ. ಸುಳ್ಳು ಹೇಳುವುದಿಲ್ಲ, ನನಗೆ ಹಿಡಿಸಲಿಲ್ಲ. ಒಬ್ಬ ಗಂಟಲಲ್ಲಿ ಜಲ್ಲಿಕಲ್ಲು ಹಾಕಿಕೊಂಡು ಮುಕ್ಕಳಿಸುತ್ತಾನೆ. ಇನ್ನೊಬ್ಬ ತಗಡು ಎಳೆಯುತ್ತಾನೆ, ಜೊತೆಯವನು ಅದನ್ನು ಬಡಿಯುತ್ತಾನೆ. ಮೊದಲನೆಯದು ಮುಗಿಯುವಷ್ಟರಲ್ಲಿ ನನಗೆ ತಲೆನೋವು ಬಂತು. ಒಂದನ್ನು ಮಾತ್ರ ಎರಡು ಸಲ ಕೇಳಿದೆ. ಅದು ಮುಚ್ಚಿಹೋದ ಒಂದು ಕಾರ್ಖಾನೆಯೊಳಗೆ ಕೂತು ರೆಕಾರ್ಡ್ ಮಾಡಿದ್ದಂತೆ. ಸುತ್ತಿಗೆಯ ಏಟು ಒಂದೇ ಸಮ ಬೀಳುತ್ತ ಇರುತ್ತದೆ, ಅದರಡಿಯಲ್ಲಿ ಯಾರೋ ಒಬ್ಬಳು ಗುನುಗುತ್ತಾಳೆ. ನೀನು ಹೊಟ್ಟೆಯಲ್ಲಿದ್ದಾಗ ಬುತ್ತಿ ಕೊಡಲು ನಾನು ಮಿಲ್ಲಿಗೆ ಹೋಗುತ್ತಿದ್ದೆ. ಆ ಸದ್ದಿಗೆ ನೀನು ಒದೆಯುತ್ತಿದ್ದೆ. ಅದು ನೆನಪಾಯಿತು. ಅದಕ್ಕೆ ನಿಮ್ಮಪ್ಪ ಒಂಬತ್ತೂವರೆ ಎಚ್.ಪಿ. ಕೊಟ್ಟಿದ್ದಾರೆ. ‘ಗಿಟಾರನ್ನು ಯಂತ್ರದ ಹಾಗೆ ಬಾರಿಸುವವರು ಬಹಳ, ಯಂತ್ರವೂ ದಣಿಯುತ್ತದೆಂದು ತಿಳಿದವರು ಇವರೊಬ್ಬರೇ’ ಎಂದು ಬರೆದಿದ್ದಾರೆ.

ಏನೆಲ್ಲ ಬರೆದಿದ್ದಾರೆ ಗೊತ್ತಾ? ಮದುವೆಗೆ ಒಂದು ವರ್ಷ ಮುಂಚೆ ಹೊಸ ಯಂತ್ರ ಕೂರಿಸಲು ಕೊಯಮತ್ತೂರಿನಿಂದ ಒಬ್ಬ ಫಿಟ್ಟರ್ ಬಂದಿದ್ದನಂತೆ. ಭಾಷೆ ಬಾರದ ಅವನೂ ಇವರೂ ಹದಿನೈದು ದಿನ ಒಂದೇ ಕ್ಯಾಸೆಟ್ಟು ಕೇಳುತ್ತ ಕೆಲಸ ಮಾಡಿದರಂತೆ, ಹೋಗುವಾಗ ಅದನ್ನು ಇವರ ಕೈಗಿಟ್ಟು ಹೋದನಂತೆ. ಅಲ್ಲಿಂದ ಶುರು. ಆಮೇಲೆ ಬಳ್ಳಾರಿಗೆ ಬಿಡಿಭಾಗ ತರಲು ಹೋದಾಗಲೆಲ್ಲ ಹಳೇ ಕ್ಯಾಸೆಟ್ಟು ಹುಡುಕಿ ತಂದು ಸ್ಪ್ಯಾನರಿನ ಜೊತೆ ಸುತ್ತಿಟ್ಟುಕೊಳ್ಳುತ್ತಿದ್ದರಂತೆ. ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಯಾರೋ ಕೇಳಿದ್ದಾರೆ. ‘ನಾಚಿಕೆ’ ಎಂದಷ್ಟೇ ಉತ್ತರ.

ನನ್ನ ಬಗ್ಗೆಯೂ ಒಂದು ಕಡೆ ಇದೆ. ‘ಈ ಗಾಯಕನ ಕಿರುಚಾಟವನ್ನು ಎಲ್ಲರೂ ಹೊಗಳುತ್ತೀರಿ. ನಮ್ಮ ಮನೆಯಾಕೆ ಬೀದಿಯ ಆ ತುದಿಯಿಂದ ಕರೆದರೆ ಮಿಲ್ಲಿನ ಸೈರನ್ನೇ ಸುಮ್ಮನಾಗಬೇಕು, ಶ್ರುತಿ ಮಾತ್ರ ಒಂದೆಳೆ ಕದಲುವುದಿಲ್ಲ. ಇವನಿಗೆ ಆರು, ಆಕೆಗೆ ಎಂಟು.’ ಓದಿ ನಕ್ಕೆ. ನಗುನಗುತ್ತಲೇ ಅತ್ತೆ. ಎದುರಿಗೆ ಕೂತು ಒಂದು ದಿನವಾದರೂ ಹೀಗೆ ಮಾತಾಡಿಸಿದ್ದರೆ ಎಂದು ಹೊಟ್ಟೆಯುರಿಯಿತು. ಸಾವಿರ ಜನ ಅಪರಿಚಿತರಿಗೆ ಗೊತ್ತಿದ್ದ ಗಂಡ ನನಗೆ ಗೊತ್ತಿರಲಿಲ್ಲವಲ್ಲ.

ಎರಡನೇ ಮಧ್ಯಾಹ್ನ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ೨೦೧೯ರಲ್ಲಿ ಒಂದು ಆಲ್ಬಮ್ ಬಗ್ಗೆ ಬರೆದಿದ್ದರು: ‘ಡ್ರಮ್ಮಿನ ಪಕ್ಕ ತೂಗುವ ಕಂಚಿನ ತಟ್ಟೆ, ಸಿಂಬಲ್, ಅದು ಇದರಲ್ಲಿ ಎಲ್ಲೂ ಕೇಳಿಸುತ್ತಿಲ್ಲ. ಧ್ವನಿಮುದ್ರಣ ಮಾಡಿದವನನ್ನು ಮನೆಗೆ ಕಳಿಸಬೇಕು.’ ಕೆಳಗೆ ಹುಲಿಯಪ್ಪ, ‘ಅಣ್ಣಾ, ಚೆನ್ನಾಗೇ ಕೇಳಿಸ್ತಾವಲ್ಲ?’ ಎಂದಿದ್ದ. ಇವರು ಅವನಿಗೆ ಬೈದಿದ್ದರು. ಆರು ತಿಂಗಳ ಮೇಲೆ ಇನ್ನೊಂದು ಆಲ್ಬಮ್ಮಿಗೆ ಅದೇ ದೂರು. ಆಮೇಲೆ ಮತ್ತೊಂದಕ್ಕೆ. ‘ಈಗಿನ ಕಾಲದವರಿಗೆ ಸಿಂಬಲ್ ಹಿಡಿಯುವ ಯೋಗ್ಯತೆಯೇ ಹೋಯಿತು’ ಎಂದು ಊರೆಲ್ಲರ ಮೇಲೆ ಜಗಳ. ೨೦೨೧ರಲ್ಲಿ, ಆ ಕೊಯಮತ್ತೂರಿನವನು ಕೊಟ್ಟ ಮೊದಲ ಕ್ಯಾಸೆಟ್ಟಿನ ಬಗ್ಗೆ ಎರಡನೇ ಸಲ ಬರೆದಿದ್ದರು. ಮೊದಲ ಸಲ ಬರೆದಾಗ ಅದರ ಸಿಂಬಲ್ ಸದ್ದು ‘ಬಿರುಬೇಸಿಗೆಯಲ್ಲಿ ತಗಡಿನ ಮೇಲೆ ಬಿದ್ದ ಮೊದಲ ನಾಲ್ಕು ಹನಿ’ ಎಂದಿದ್ದವರು, ಈ ಸಲ ಒಂದೇ ಸಾಲು ಬರೆದಿದ್ದರು: ‘ಇದರಲ್ಲೂ ಸಿಂಬಲ್ ಕೇಳಿಸುತ್ತಿಲ್ಲ.’

ಕ್ಯಾಸೆಟ್ಟು ಅದೇ, ಸಿಂಬಲ್ ಅದೇ.

ಟಿ.ವಿ. ಸದ್ದು ಜೋರು ಮಾಡುತ್ತಿದ್ದದ್ದು, ಪಾತ್ರೆ ಬಿದ್ದರೂ ತಿರುಗದೆ ಇದ್ದದ್ದು, ಯಾರು ಏನು ಹೇಳಿದರೂ ಹೂಂ ಎಂದು ನಗುತ್ತಿದ್ದದ್ದು ಎಲ್ಲ ಒಂದರ ಹಿಂದೆ ಒಂದು ಬಂದು ನಿಂತವು. ನಾನು ಅದನ್ನು ಹಟ ಎನ್ನುತ್ತಿದ್ದೆ, ನೀನು ಅಸಡ್ಡೆ ಎನ್ನುತ್ತಿದ್ದೆ. ನನ್ನ ಮಾತಿಗೆ ಮಾತ್ರ ಅವರು ಸರಿಯಾಗಿ ಉತ್ತರಿಸುತ್ತಿದ್ದರಲ್ಲ, ಹಾಗಾಗಿ ಅನುಮಾನವೇ ಬರಲಿಲ್ಲ. ಮೂವತ್ತು ಮಕ್ಕಳನ್ನು ಒಂದೇ ಕೂಗಿಗೆ ಕೂರಿಸುವ ಗಂಟಲು ನನ್ನದು.

ಮೂರನೇ ದಿನ ಕೊನೆಯದನ್ನು ಓದಿದೆ. ಅದನ್ನು ಇಲ್ಲಿ ಇದ್ದ ಹಾಗೇ ಬರೆಯುತ್ತಿದ್ದೇನೆ. ಒಂದಕ್ಷರ ನನ್ನದಲ್ಲ.

‘ಎಲ್ಲರೂ ಇದು ಈ ತಂಡದ ಅತ್ಯುತ್ತಮ ಆಲ್ಬಮ್ ಎನ್ನುತ್ತಿದ್ದೀರಿ. ಗಾಯಕ ಮೊದಲ ಬಾರಿಗೆ ಕಿರುಚದೆ ಪಿಸುಗುಟ್ಟಿದ್ದಾನಂತೆ. ನಾನು ಏಳು ಸಲ ಹಾಕಿದೆ. ಗಿಟಾರು ಬರುತ್ತದೆ, ಡ್ರಮ್ಮು ಬರುತ್ತದೆ, ಅವನು ಬರುವುದಿಲ್ಲ. ತಪ್ಪು ಅವನದಲ್ಲ, ಮುದ್ರಣ ಮಾಡಿದವನದೂ ಅಲ್ಲ. ಐದು ವರ್ಷದಿಂದ ನಿಮಗೆ ಸುಳ್ಳು ಹೇಳಿದ್ದೇನೆ. ಸಿಂಬಲ್ಲುಗಳೆಲ್ಲ ಅವುಗಳ ಜಾಗದಲ್ಲೇ ಇದ್ದವು. ನನ್ನ ಕಿವಿ ಹೋಗಿದೆ. ಹುಲಿಯಪ್ಪ, ನಿನಗೆ ಬೈದದ್ದಕ್ಕೆ ಕ್ಷಮಿಸು. ತಿಳಿದರೆ ಕೆಲಸದಿಂದ ಬಿಡಿಸುತ್ತಾರೆಂದು ಮಿಲ್ಲಿನಲ್ಲಿ ಹೇಳಲಿಲ್ಲ. ಮಿಲ್ಲಿನಲ್ಲಿ ಹೇಳದವನು ಮನೆಯಲ್ಲೂ ಹೇಳಲಿಲ್ಲ. ಈ ದಪ್ಪ ಸದ್ದಿನ ಸಂಗೀತ ಒಂದೇ ನನಗೆ ಇನ್ನೂ ತುಂಬಿಕೊಂಡು ಕೇಳಿಸುತ್ತಿತ್ತು, ಅದಕ್ಕೇ ಹಿಡಿದುಕೊಂಡಿದ್ದೆ.

‘ನನಗೊಬ್ಬಳು ಮಗಳಿದ್ದಾಳೆ. ಮೆತ್ತಗೆ ಮಾತಾಡುವವಳು. ಒಂದು ಸಂಜೆ ನಾನು ಹಿತ್ತಲಲ್ಲಿ ಕೈಯ ಗ್ರೀಸು ತೊಳೆಯುತ್ತಿದ್ದಾಗ ಪಕ್ಕ ಬಂದು ನಿಂತು ಏನೋ ಹೇಳಿದಳು. ನಲ್ಲಿ ಸುರಿಯುತ್ತಿತ್ತು. ಮುಖ ತಗ್ಗಿಸಿದ್ದಳು, ತುಟಿ ಕಾಣಲಿಲ್ಲ. ಏನೋ ಒಳ್ಳೆಯ ಮಾತೇ ಇರಬೇಕೆಂದು ನಾನು ನಕ್ಕು ಹೂಂ ಎಂದೆ. ಈ ಮದುವೆ ಬೇಡಪ್ಪ ಎಂದಿದ್ದಳಂತೆ. ಅದು ನನಗೆ ತಿಳಿದದ್ದು ಒಂದೂವರೆ ವರ್ಷದ ಮೇಲೆ, ಅವಳು ಗಂಡನ ಮನೆಯಿಂದ ಏಟು ತಿಂದು ಬಂದು ನನ್ನೆದುರು ಕಿರುಚಿದಾಗ. ಆ ಕಿರುಚಾಟ ಸ್ಪಷ್ಟವಾಗಿ ಕೇಳಿಸಿತು. ಕಿರುಚುವವರ ಬಗ್ಗೆ ಎಂಟು ವರ್ಷ ತಿಳಿದವನಂತೆ ಬರೆದಿದ್ದೆ, ನನಗೇನೂ ತಿಳಿದಿರಲಿಲ್ಲ.

‘ಈ ಆಲ್ಬಮ್ಮಿಗೆ ಎಚ್.ಪಿ. ಕೊಡುವ ಹಕ್ಕು ನನಗಿಲ್ಲ. ಇನ್ನು ಬರೆಯುವುದಿಲ್ಲ.’

ಓದಿ ಮುಗಿಸಿ ನಾನು ಅಂಗನವಾಡಿಯ ಅಡುಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಹಾಯಕಿ ಬೋರಕ್ಕ, “ಏನಾತ್ರಿ ಟೀಚರ್?” ಎಂದು ಬಾಗಿಲು ಬಡಿಯುತ್ತಲೇ ಇದ್ದಳು.

ಆ ಸಂಬಂಧ ತಂದವನು ನನ್ನಣ್ಣ ಯರ್ರಪ್ಪ. ಪರಶುರಾಂಪುರದ ಹತ್ತಿರ ನೀರಾವರಿ ಹೊಲ, ಒಬ್ಬನೇ ಮಗ, ಮೇಲಾಗಿ ಮೇಷ್ಟರ ಕೆಲಸ. ನಿನಗೆ ಇಪ್ಪತ್ತೇಳಾಗಿತ್ತು. ಆ ಹುಡುಗ ಮಾರುತೇಶನ ನಯವಾದ ಮಾತಿಗೆ ಮೊದಲು ಮರುಳಾದವಳು ನಾನೇ, ಒಪ್ಪುತ್ತೇನೆ. ಎರಡು ವರ್ಷದ ಹಿಂದೆ ಆಗಸ್ಟಿನಲ್ಲಿ ನೀನು ಊದಿದ ಮಣಿಕಟ್ಟು ಹಿಡಿದುಕೊಂಡು ಬಂದು, ಜಗುಲಿಯ ಮೇಲೆ ನಿಂತು, “ಬ್ಯಾಡ ಅಂತ ನಿನ್ಗೆ ಹೇಳಿದ್ನಲ್ಲಪ್ಪಾ, ನಕ್ಕಂಡು ಹೂಂ ಅಂದ್ಯಲ್ಲಾ!” ಎಂದದ್ದು ಬೀದಿಗೆಲ್ಲ ಕೇಳಿಸಿತು. ನಿಮ್ಮಪ್ಪ ಒಂದು ಮಾತೂ ಆಡಲಿಲ್ಲ. ಆಗ ಅದನ್ನು ಕಲ್ಲೆದೆ ಎಂದುಕೊಂಡೆ ನೀನು. ನೀನು ಕೆಲಸಕ್ಕೆಂದು ಮೊಳಕಾಲ್ಮುರಿಗೆ ಹೋದ ಮೇಲೂ ನಾಲ್ಕು ಸಲ ಅವರ ಫೋನಿಗೆ ಮಾಡಿದ್ದೆ, ಅವರು ಎತ್ತದೆ ನನ್ನ ಕೈಗೆ ಕೊಟ್ಟರು, ಆಮೇಲೆ ನೀನು ಮಾಡುವುದನ್ನೇ ಬಿಟ್ಟೆ. ಎತ್ತಿದರೆ ನಿನ್ನ ದನಿ ಅವರಿಗೆ ಬರೀ ಗುಂಯ್ ಎನ್ನುತ್ತಿತ್ತಂತೆ. ಮತ್ತೆ ತಪ್ಪಾಗಿ ಹೂಂ ಎಂದುಬಿಟ್ಟೇನು ಎಂಬ ಹೆದರಿಕೆ.

ಸೋಮವಾರ ರಜೆ ಹಾಕಿ ಚಿತ್ರದುರ್ಗದ ಕಿವಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಬರುವುದಿಲ್ಲ ಎಂದು ಹಟ ಹಿಡಿದಿದ್ದರು. “ನಿಮ್ಮ ಬರವಣಿಗೆ ಅಷ್ಟೂ ಓದೀನಿ” ಎಂದೆ. ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಅಲ್ಲಿ ಗಾಜಿನ ಕಿಟಕಿಯ ಒಂದು ಚಿಕ್ಕ ಕೋಣೆಯಲ್ಲಿ ಅವರನ್ನು ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಸದ್ದು ಬಂದಾಗ ಬೆರಳೆತ್ತಬೇಕು. ಮೊದಮೊದಲು ಎತ್ತಿದರು. ಆಮೇಲೆ ಆ ಹುಡುಗಿ ಗುಂಡಿ ಒತ್ತುತ್ತಲೇ ಇದ್ದಾಳೆ, ಇವರ ಬೆರಳು ತೊಡೆಯ ಮೇಲೇ ಇದೆ. ಕಣ್ಣು ಮಾತ್ರ ಗಾಜಿನಾಚೆಯಿಂದ ನನ್ನ ಮುಖವನ್ನೇ ನೋಡುತ್ತಿತ್ತು, ಪರೀಕ್ಷೆಯಲ್ಲಿ ಪಕ್ಕದವರ ಕಡೆ ನೋಡುವ ಮಕ್ಕಳ ಹಾಗೆ. ನಾನೇನಾದರೂ ಸನ್ನೆ ಮಾಡುತ್ತೇನೋ ಎಂದು. ನನಗೆ ತಡೆಯಲಾಗದೆ ಬೆನ್ನು ತಿರುಗಿಸಿ ನಿಂತೆ.

ಎರಡೂ ಕಿವಿ. ಮೂವತ್ತು ವರ್ಷ ಮಿಲ್ಲಿನ ಸದ್ದು ತಿಂದದ್ದು ಅರ್ಧ, ಕಿವಿಯೊಳಗೆ ಆ ಹಾಡು ಜೋರಾಗಿ ಹಾಕಿಕೊಂಡದ್ದು ಅರ್ಧ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ. ಮಿಷಿನ್ ಹಾಕಿದರೆ ಎದುರಿಗೆ ಕೂತು ಆಡಿದ ಮಾತು ತಿಳಿಯುತ್ತದೆ, ಆದರೆ ಇಯರ್‌ಫೋನನ್ನು ಇವತ್ತಿಗೇ ಬಿಡಬೇಕು ಎಂದರು. ನಿಮ್ಮಪ್ಪ, “ಹೆಣ್ಮಕ್ಕಳ ಮಾತು ಕೇಳಿಸ್ತೈತಾ ಸಾರ್?” ಎಂದರು. ಡಾಕ್ಟರು ನನ್ನ ಕಡೆ ನೋಡಿ, “ಹೆಂಡತಿ ಮಾತು ಕೇಳಿಸದೇ ಇದ್ರೇ ಆರಾಮಲ್ವಾ?” ಎಂದು ನಕ್ಕರು. ಇವರು ನಗಲಿಲ್ಲ. “ಮಗಳದು ಸಾರ್. ಮೆತ್ತಗೆ ಮಾತಾಡ್ತಾಳೆ” ಎಂದರು.

ಬಸ್ಸಿನಲ್ಲಿ ಅವರೇ ನನ್ನ ಕೈ ಹಿಡಿದುಕೊಂಡರು. ಮದುವೆಯಾದಾಗಿನಿಂದ ಹತ್ತು ಜನರೆದುರು ಹಾಗೆ ಹಿಡಿದವರಲ್ಲ. ಪೆಟ್ಟಿಗೆಯನ್ನು ಹುಲಿಯಪ್ಪನಿಗೆ ಕೊಡುತ್ತಾರಂತೆ. ನಾನು, ಬೇಡ, ಅದು ಇದ್ದಲ್ಲೇ ಇರಲಿ ಎಂದೆ. ಮರುದಿನ ಮಿಲ್ಲಿನ ಸಾಹುಕಾರರಿಗೆ ತಾವೇ ಹೋಗಿ ಹೇಳಿದರು. ಅವರು, “ಇಷ್ಟು ದಿನ ಯಾಕೋ ಮುಚ್ಚಿಟ್ಟಿದ್ದೆ ಓಬಳೇಶ” ಎಂದು ಬೈದು, ಯಂತ್ರದ ಕೆಲಸ ಬಿಡಿಸಿ ಗೋದಾಮಿಗೆ ಹಾಕಿದ್ದಾರೆ. ಅಲ್ಲಿ ಸದ್ದಿಲ್ಲ. ಮೂವತ್ತಮೂರು ವರ್ಷದ ಮೇಲೆ ಕೈಗೆ ಗ್ರೀಸು ಹತ್ತದೆ ಮನೆಗೆ ಬರುತ್ತಾರೆ. ಆದರೂ ಬಂದ ತಕ್ಷಣ ಹಿತ್ತಲಿಗೆ ಹೋಗಿ ಕೈ ತೊಳೆಯುತ್ತಾರೆ.

ಕಿವಿಯ ಮಿಷಿನ್ ಈ ತಿಂಗಳ ಕೊನೆಗೆ ಬರುತ್ತದೆ. ಡಿಸೆಂಬರ್ ಒಂದು ಭಾನುವಾರ, ನಿನಗೂ ರಜೆ. ಬೆಳಗಿನ ಬಸ್ಸಿಗೆ ಹೊರಟರೆ ಊಟದ ಹೊತ್ತಿಗೆ ಇಲ್ಲಿರುತ್ತೀಯ. ಬಾ ಎಂದು ನಾನು ಒತ್ತಾಯಿಸಲಾರೆ, ಒತ್ತಾಯದ ಫಲ ನೋಡಿಯಾಗಿದೆ. ಬಂದರೆ ಜಗುಲಿಯ ಬೆಳಕಿನಲ್ಲಿ ಅವರ ಎದುರಿಗೆ ಕೂತು ಮುಖವೆತ್ತಿ ಮಾತಾಡು. ಬರಲು ಮನಸ್ಸಾಗದಿದ್ದರೆ ನಾಲ್ಕು ಸಾಲು ಬರೆ. ಅವರು ಬರೆದದ್ದು ಓದುತ್ತಾರೆ, ಉತ್ತರವನ್ನೂ ಚೆನ್ನಾಗಿ ಬರೆಯುತ್ತಾರೆ ಎಂದು ಈಗ ನನಗೆ ಗೊತ್ತು. ಈ ಕಾಗದದ ವಿಷಯ ಅವರಿಗೆ ಹೇಳಿಲ್ಲ.

ಹೊಟ್ಟೆ ತುಂಬ ಉಣ್ಣು. ರಾತ್ರಿ ಕಂಪ್ಯೂಟರಿನ ಮುಂದೆ ಬಹಳ ಕೂತು ಕಣ್ಣು ಕೆಡಿಸಿಕೊಳ್ಳಬೇಡ. ನಮ್ಮ ಮನೆಯಲ್ಲಿ ಕೆಟ್ಟದ್ದು ಸಾಕು.

ನಿನ್ನ ಅವ್ವ,
ನಾಗರತ್ನ

ಮತ್ತೆ: ಲಕೋಟೆಗೆ ಅಂಟು ಹಚ್ಚಿಯಾಗಿತ್ತು. ಕಿತ್ತು ಇದನ್ನು ಬರೆಯುತ್ತಿದ್ದೇನೆ. ನಿಮ್ಮಪ್ಪ ಆ ಕೊನೆಯ ಬರಹದಲ್ಲಿ ಒಂದು ಸಂಗತಿ ಬಿಟ್ಟಿದ್ದಾರೆ. ಆ ಸಂಜೆ ಅವರು ಕೈ ಒರೆಸಿಕೊಳ್ಳುತ್ತ ನೇರ ನನ್ನ ಬಳಿ ಬಂದು, “ಮಗು ಏನೋ ಅಂತು, ನಂಗೆ ಸರಿಯಾಗಿ ಕೇಳ್ಸಲಿಲ್ಲ. ಏನಂತೆ?” ಎಂದು ಕೇಳಿದ್ದರು. ನಾನು ಹಿತ್ತಲ ಬಾಗಿಲ ಹಿಂದೆಯೇ ನಿಂತಿದ್ದೆ, ರಶ್ಮಿ. ನೀನು ಹೇಳಿದ್ದು ಒಂದೊಂದು ಮಾತೂ ನನಗೆ ಕೇಳಿಸಿತ್ತು. “ಒಪ್ಪಿದಾಳಂತ್ರಿ” ಎಂದೆ. ಜೋರಾಗಿಯೇ ಅಂದೆ, ಅವರಿಗೆ ಸರಿಯಾಗಿ ಕೇಳಿಸಿತು. ನೀನು ತಿರುಗಿ ಬಂದ ದಿನ ಅವರು ಒಮ್ಮೆ ನನ್ನ ಮುಖ ನೋಡಿದರು, ಅಷ್ಟೇ. ಇವತ್ತಿನವರೆಗೂ ನಿನಗಾಗಲಿ, ನನಗಾಗಲಿ, ಆ ಸಾವಿರ ಜನಕ್ಕಾಗಲಿ ಹೇಳಲಿಲ್ಲ. ಬಂದಾಗ ಬೈಯುವುದಿದ್ದರೆ ನನ್ನನ್ನು ಬೈಯಿ. ಅವರೆದುರಿಗೇ ಬೈಯಿ, ಅವರಿಗೆ ಕೇಳಿಸುವಷ್ಟು ಜೋರಾಗಿ.